ಕ್ಲಚ್ ಪ್ಲೇಟಿನ ಪಂಚಾಯ್ತಿ

ಟೈರ್ ಸವೆದರೆ ನಮ್ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಬ್ರೇಕ್ ಪ್ಯಾಡ್ ಮುಗಿದರೆ 'ಮುಗೀತು, ಹೊಸದು ಹಾಕ್ಸು' ಎನ್ನುತ್ತಾರೆ. ಬ್ಯಾಟರಿ ಸತ್ತರೆ ಕಂಪನಿಗೆ ಬೈಗುಳ. ಇಂಜಿನ್ನಿನ ಎಳೆತವನ್ನು ಚಕ್ರಕ್ಕೆ ಸೇರಿಸುವ, ಎಡಗಾಲಿನ ಪೆಡಲ್ ಒತ್ತಿದರೆ ಬಿಡಿಸುವ ಕ್ಲಚ್ ಹೋದಾಗ ಮಾತ್ರ ಜಗಲಿಯಲ್ಲಿ ಕೋರ್ಟು ಕೂರುತ್ತದೆ. 'ಗಾಡಿ ಓಡಿಸ್ತಿದ್ದದ್ದು ಯಾರು?' ಅನ್ನೋದೇ ಮೊದಲ ಪ್ರಶ್ನೆ. ಓಡಿಸುತ್ತಿದ್ದದ್ದು ಹೆಂಗಸು ಅಂತಾದರೆ ಮುಂದೆ ವಿಚಾರಣೆಯೇ ಬೇಕಿಲ್ಲ. ತೀರ್ಪು ಬಂದಾಯ್ತು.

ನಮ್ಮದು 1997ರ ಮಾರುತಿ 800. ಕಾರ್ಬ್ಯುರೇಟರ್ ಇಂಜಿನ್, ನಾಲ್ಕೇ ಗೇರು. ಇಪ್ಪತ್ತು ವರ್ಷ ಅಪ್ಪ ಓಡಿಸಿದರು. ಕಣ್ಣಿನ ತೊಂದರೆ ಶುರುವಾದ ಮೇಲೆ ಸಾಗರ ಪೇಟೆಗೆ, ಸೊಸೈಟಿಗೆ, ಮದುವೆ-ಮುಂಜಿಗೆ ಎಲ್ಲದಕ್ಕೂ ಅಮ್ಮ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತವರು. ಊರಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಆವತ್ತಿನಿಂದ ಕಾರಿಗೆ ಏನೇ ಆದರೂ ಅಮ್ಮನ ಎಡಗಾಲಿನ ಮೇಲೆ ಎಲ್ಲರಿಗೂ ಒಂದು ಕಣ್ಣು. 'ಅವಳು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸೋದು' ಅಂತ ಅಪ್ಪ ಹೇಳಿದ್ದನ್ನು ನಾನು ಫೋನಿನಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಮ್ಮನ ಎಡಗಾಲು ಮಾತ್ರ ಪಕ್ಕದ ಸೀಟಿನಿಂದ ಸ್ಪಷ್ಟವಾಗಿ ಕಾಣುತ್ತದೆ!

ಈ ಫೆಬ್ರವರಿಯಲ್ಲಿ ನಾನು ಊರಲ್ಲಿದ್ದಾಗಲೇ ಅದು ಕೈಕೊಟ್ಟಿತು. ಹಿಂದಿನ ಸೀಟು ಮಡಚಿ ಒಣ ಅಡಿಕೆ ಮೂಟೆ ಹೇರಿದ್ದೆವು. ಅಮ್ಮ ಮೊದಲ ಗೇರಿನಲ್ಲಿ ದರೆ, ಅಂದರೆ ಮನೆಯಿಂದ ರಸ್ತೆಗೆ ಹೋಗುವ ಕಡಿದಾದ ಏರು, ಹತ್ತಿಸಲು ಹೊರಟರು. ಇಂಜಿನ್ ಕಿರುಚಿತು, ಕಾರು ಮಾತ್ರ ಆರಾಮಾಗಿ ನಡೆಯುವವರ ಸ್ಪೀಡಿನಲ್ಲಿ ಮೇಲೆ ಹೋಗಿ ಅರ್ಧದಲ್ಲಿ ನಿಂತಿತು. ಇನ್ನಷ್ಟು ಒತ್ತಿದರೂ ಸದ್ದು ಜಾಸ್ತಿಯಾಯಿತೇ ಹೊರತು ಚಕ್ರ ತಿರುಗಲಿಲ್ಲ. ಆಮೇಲೆ ಆ ವಾಸನೆ. ಗೊತ್ತಿರುವವರಿಗೆ ಹೇಳಬೇಕಿಲ್ಲ. ರಬ್ಬರಿನದ್ದಲ್ಲ, ವೈರಿನದ್ದೂ ಅಲ್ಲ. ಮೂಗಿನ ಹಿಂದೆ ಹೋಗಿ ಕೂರುವ ಕಹಿ. ಅಮ್ಮ ಬ್ರೇಕ್ ಹಿಡಿದು ಮೆಲ್ಲಗೆ ಹಿಮ್ಮುಖವಾಗಿ ಅಂಗಳಕ್ಕೆ ಇಳಿಸಿದರು. ಅಪ್ಪ ಜಗಲಿಯಲ್ಲಿ ಕವಳ ಹಾಕುತ್ತಿದ್ದರು. ಏನೂ ಅನ್ನಲಿಲ್ಲ. ಅನ್ನದೆಯೂ ಅಂದರು.

ದರೆ ಹತ್ತದ ಗಾಡಿ

ಮಲೆನಾಡಿನ ಅಡಿಕೆ ತೋಟದ ಮನೆಗಳು ಗೊತ್ತಲ್ಲ. ತೋಟ ಕಣಿವೆಯ ತಳದಲ್ಲಿ, ಮನೆ ಅದರ ತಲೆಗೆ, ಟಾರು ರಸ್ತೆ ಗುಡ್ಡದ ಮೇಲೆ. ನಡುವೆ ಜಂಬಿಟ್ಟಿಗೆ ಮಣ್ಣಿನ ಏರು. ಮಳೆಗಾಲದಲ್ಲಿ ಜಾರಿಕೆ, ಬೇಸಿಗೆಯಲ್ಲಿ ಉರುಳುವ ಕಲ್ಲಿನ ಚೂರು. ಪೇಟೆಯ ಗ್ಯಾರೇಜಿಗೆ ಫೋನ್ ಮಾಡಿದರೆ 'ರೋಡಿಗೆ ತಂದಿಡಿ ಸಾರ್, ನೋಡೋಣ' ಅಂದರು. ರೋಡಿಗೆ ತರಲು ಆಗದೇ ಇರುವುದೇ ಕಾಯಿಲೆ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಬಹುದಿತ್ತು. ಆದರೆ ಪಕ್ಕದ ತೋಟದ ಭಾವ ಬಂದು ನೋಡಿ, 'ಇಲ್ಲೇ ಬಿಚ್ಚೋಣ ಮಾರಾಯ, 800 ಅಲ್ವಾ' ಅಂದರು. ಅವರು ವಯಸ್ಸಿನಲ್ಲಿದ್ದಾಗ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು. ಅವರಿಗೆ 800 ಆಟದ ಸಾಮಾನು.

ಬಿಚ್ಚುವ ಮೊದಲು ನನ್ನ ಸಮಾಧಾನಕ್ಕೆ ಒಂದು ಪರೀಕ್ಷೆ ಮಾಡಿದೆ. ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಮೂರನೇ ಗೇರು ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡುವುದು. ಕ್ಲಚ್ ಸರಿ ಇದ್ದರೆ ಇಂಜಿನ್ ಉಸಿರು ಕಟ್ಟಿ ನಿಂತುಬಿಡಬೇಕು. ನಮ್ಮದು ನಿಲ್ಲಲೇ ಇಲ್ಲ. ಈ ಪರೀಕ್ಷೆಯನ್ನು ಸುಮ್ನೆ ಕುತೂಹಲಕ್ಕೆ ಮತ್ತೆ ಮತ್ತೆ ಮಾಡಬೇಡಿ. ಉಳಿದ ಚೂರುಪಾರು ಪ್ಲೇಟನ್ನೂ ಅದೇ ಸುಡುತ್ತದೆ.

ದುಡ್ಡು ಉಳಿಸಲು ಮನೆಯಲ್ಲಿ ಮಾಡಿದೆವು ಅಂತ ಹೇಳಿದರೆ ಸುಳ್ಳಾಗುತ್ತದೆ. ಕ್ಲಚ್ ಸೆಟ್, ಅಂದರೆ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಕವರು, ರಿಲೀಸ್ ಬೇರಿಂಗ್, ಮೂರೂ ಸೇರಿ ಎರಡೂವರೆ ಸಾವಿರದ ಆಸುಪಾಸು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಮ್ಮ ಬಸ್ಸಿಗೆ ಹಾಕಿ ಕಳಿಸಿದ. 2014ರ ಜನವರಿಯಲ್ಲೇ 800 ತಯಾರಿ ನಿಂತಿದ್ದರೂ ಸಾಮಾನಿಗೇನೂ ಬರವಿಲ್ಲ. ಇರುವ ಬರ ಅಸಲಿಗೆ ಮಾತ್ರ. ಅದೇ ಡಬ್ಬಿ, ಅದೇ ಸ್ಟಿಕ್ಕರ್, ಒಳಗೆ ಬೇರೆ ಮಾಲು ಅಂತ ಆಗುವುದರಿಂದ ತಮ್ಮನಿಗೆ ಪರಿಚಯದ ಅಂಗಡಿಗೇ ಹೋಗು ಅಂದಿದ್ದೆ. ಜೊತೆಗೆ ಗೇರ್ ಆಯಿಲ್, ಹೊಸ ಕ್ಲಚ್ ಕೇಬಲ್, ಎತ್ತಿದ ಕಾರನ್ನು ಹೊತ್ತು ನಿಲ್ಲಿಸಲು ಎರಡು ಕಬ್ಬಿಣದ ಸ್ಟ್ಯಾಂಡ್. ಗ್ಯಾರೇಜಿಗೆ ಕೊಡಬೇಕಿದ್ದ ಕೂಲಿ ಆ ಸ್ಟ್ಯಾಂಡಿಗೇ ಸರಿಹೋಯಿತು. ಭಾವ 'ಜಂಬಿಟ್ಟಿಗೆ ಕಲ್ಲು ಪೇರಿಸಿದ್ರೆ ಸಾಕು' ಅಂದಿದ್ದರು. ಈ ಒಂದು ವಿಷಯದಲ್ಲಿ ನಾನು ಅವರ ಮಾತು ಕೇಳಲಿಲ್ಲ. ಗೋಡೆಗೆ ಒಳ್ಳೆಯ ಕಲ್ಲು ಅದು, ನಿಜ. ಆದರೆ ಕಾರಿನ ತೂಕ ಒಂದೇ ಮೂಲೆಗೆ ಬಿದ್ದರೆ ಯಾವಾಗ ಪುಡಿಯಾಗುತ್ತದೆ ಅಂತ ಹೇಳಲಾಗದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗಂತೂ ತಲೆ ಹಾಕಲೇಬಾರದು.

ದಾರಿ ಬಿಡಿಸಿಕೊಂಡು ಹೋಗುವುದು

ಕ್ಲಚ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಕ್ಲಚ್ ಹತ್ತಿರ ಹೋಗುವುದು ದಿನವಿಡೀ ಕೆಲಸ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಅದು ಅಡಗಿ ಕೂತಿರುತ್ತದೆ. ಗೇರ್ ಬಾಕ್ಸ್ ಇಳಿಸದೆ ಮುಖದರ್ಶನ ಇಲ್ಲ.

ಬ್ಯಾಟರಿ ತಂತಿ ಬಿಚ್ಚಿದೆವು. ಏರ್ ಫಿಲ್ಟರ್ ಡಬ್ಬ ತೆಗೆದೆವು. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರು, ಸ್ಟಾರ್ಟರ್ ಮೋಟಾರ್, ಗೇರ್ ರಾಡು ಒಂದೊಂದಾಗಿ ಬಂದವು. ಗೇರ್ ಆಯಿಲ್ ಹಳೇ ಬಾಂಡ್ಲಿಗೆ ಇಳಿಯಿತು. ಮುಂದಿನ ಚಕ್ರ ಬಿಚ್ಚಿ, ಬಾಲ್ ಜಾಯಿಂಟ್ ಸಡಿಲಿಸಿ, ಎರಡೂ ಕಡೆಯ ಆಕ್ಸಲ್‌ಗಳನ್ನು ಟೈರ್ ಲಿವರ್ ಕೊಟ್ಟು ಮೀಟಿ ಎಳೆದೆವು. ಬಲಗಡೆಯದ್ದು ಟಕ್ ಅಂತ ಬಂತು. ಎಡಗಡೆಯದ್ದು ಊಟದ ಹೊತ್ತಿನವರೆಗೂ ಸತಾಯಿಸಿತು. ಎಲ್ಲಾ ಬೋಲ್ಟುಗಳನ್ನೂ ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟ್ಲಿ ಮುಚ್ಚಳಗಳಲ್ಲಿ ಬೇರೆ ಬೇರೆ ಇಟ್ಟು ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದೆ. ಭಾವನಿಗೆ ಅದು ನೋಡಿ ನಗು. ಅವರು ಎಲ್ಲವನ್ನೂ ಒಂದೇ ತಗಡಿಗೆ ಎಸೆದು ಸಂಜೆ ಕಣ್ಣು ಮುಚ್ಚಿ ಆರಿಸುವ ಜಾತಿ.

ಗೇರ್ ಬಾಕ್ಸ್ ಕಡೆಯ ಮೌಂಟಿಂಗ್ ಬಿಚ್ಚಿದರೆ ಇಂಜಿನ್ ಒಂದು ಬದಿಗೆ ಜೋತು ಬೀಳುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕು. ಗ್ಯಾರೇಜಿನಲ್ಲಾದರೆ ಅದಕ್ಕೊಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ನಮ್ಮಲ್ಲಿ ಹಳೇ ಮಾಡಿನಿಂದ ಇಳಿಸಿಟ್ಟ ಮತ್ತಿ ಮರದ ಪಕಾಸಿ ಇತ್ತು. ಬಾನೆಟ್ ತೆಗೆದು ಎರಡೂ ಬದಿಯ ಅಂಚಿಗೆ ಗೋಣಿಚೀಲ ಮಡಚಿಟ್ಟು ಪಕಾಸಿಯನ್ನು ಅಡ್ಡ ಮಲಗಿಸಿದೆವು. ಎತ್ತು ಕಟ್ಟುವ ಸರಪಳಿಯನ್ನು ಇಂಜಿನ್ನಿನ ಕೊಂಡಿಗೆ ಹಾಕಿ ಪಕಾಸಿಗೆ ಸುತ್ತಿದೆವು. ಸರಪಳಿ ಬಿಗಿಯಾಗಲು ನಡುವೆ ಒಂದು ಬೆಣೆ. ಕೊಟ್ಟಿಗೆಯಲ್ಲಿ ಈಗ ಎತ್ತಿಲ್ಲ, ಸರಪಳಿ ಮಾತ್ರ ಇದೆ. ಅಪ್ಪ ಜಗಲಿಯಿಂದಲೇ 'ಆ ಸರಪಳಿ ಮತ್ತೆ ಅದೇ ಗೂಟಕ್ಕೆ ಬರಬೇಕು' ಅಂತ ಕೂಗಿ ಹೇಳಿದರು.

ಆಮೇಲೆ ಗೇರ್ ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಬೆಲ್ ಹೌಸಿಂಗಿನ ಬೋಲ್ಟುಗಳು. ಗೇರ್ ಬಾಕ್ಸನ್ನು ಅಲುಗಾಡಿಸುತ್ತಾ ಪಕ್ಕಕ್ಕೆ ಎಳೆದು, ಕೆಳಗೆ ಹಾಸಿದ್ದ ಗೋಣಿಯ ಮೇಲೆ ಇಳಿಸಿದೆವು. ಕಪ್ಪು ಪುಡಿ ತುಂಬಿತ್ತು. ಭಾವ ಅಭ್ಯಾಸಬಲದಿಂದ ಬಾಯಿಂದ ಊದಲು ಹೋದರು. ನಾನು ತಡೆದೆ. ಹಳೇ ಕ್ಲಚ್ ಪ್ಲೇಟುಗಳ ಲೈನಿಂಗಿನಲ್ಲಿ, ಅಂದರೆ ಹಿಡಿತ ಕೊಡುವ ಪದರದಲ್ಲಿ, ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶದಲ್ಲಿ ಸೇರಿಕೊಂಡರೆ ಹೊರಗೆ ಬರುವುದಿಲ್ಲ, ರೋಗ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ನಂತರ. ಆದ್ದರಿಂದ ಊದುವುದಿಲ್ಲ, ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡುವುದು. (ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಈ ಲೈನಿಂಗ್ ವ್ಯಾಪಾರ ಶುರು ಮಾಡಿದ್ದು 1897ರಲ್ಲಿ. ಕುದುರೆ ಗಾಡಿಯವರು ಇಳಿಜಾರಿನಲ್ಲಿ ಚಕ್ರ ತಡೆಯಲು ಹಳೇ ಬೂಟಿನ ತೊಗಲು ಬಳಸುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಫೆರೋಡೊ ಅಂತ ಇವತ್ತಿಗೂ ಡಬ್ಬಿಯ ಮೇಲೆ ಬರುವುದು ಅವನದೇ ಕಂಪನಿ. ತೊಗಲಿನಿಂದ ಹತ್ತಿ, ಹತ್ತಿಯಿಂದ ಆಸ್ಬೆಸ್ಟಾಸ್, ಈಗ ಆಸ್ಬೆಸ್ಟಾಸ್ ಇಲ್ಲದ ಮಾಲು.) ಭಾವ ಎಲ್ಲ ಕೇಳಿ, 'ನಲವತ್ತು ವರ್ಷ ಊದಿದ್ದೀನಲ್ಲ ಮಾರಾಯ' ಅಂದರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಸಾಕ್ಷಿ

ಕವರ್ ಬೋಲ್ಟುಗಳನ್ನು ಬಿಚ್ಚಿದ ತಕ್ಷಣ ಪ್ಲೇಟು ಕೈಗೆ ಬಿತ್ತು. ನಾನು ಕಾಯುತ್ತಿದ್ದದ್ದು ಇದಕ್ಕೇ. ಇಷ್ಟು ವರ್ಷ ಜಗಲಿಯಲ್ಲಿ ನಡೆದ ಮೊಕದ್ದಮೆಗೆ ಮೊದಲ ಸಲ ಒಂದು ವಸ್ತು ಎದುರಿಗಿತ್ತು.

ಪ್ಲೇಟಿನ ಎರಡೂ ಮುಖಕ್ಕೆ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಹೊಸ ಪ್ಲೇಟಿನಲ್ಲಿ ರಿವೆಟ್ ತಲೆಗಳು ಗುಂಡಿಯೊಳಗೆ ಕೆಳಗಿರುತ್ತವೆ. ನಮ್ಮದರಲ್ಲಿ ಉಗುರಿನಿಂದ ಸವರಿದರೆ ಲೈನಿಂಗೂ ರಿವೆಟ್ಟೂ ಸಮ. ಇನ್ನು ಸ್ವಲ್ಪ ಓಡಿಸಿದ್ದರೆ ರಿವೆಟ್ಟು ಫ್ಲೈವೀಲನ್ನು, ಅಂದರೆ ಪ್ಲೇಟು ಒತ್ತಿಕೊಳ್ಳುವ ಇಂಜಿನ್ನಿನ ಚಕ್ರವನ್ನು, ಗೀರುತ್ತಿತ್ತು. ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕೂದಲೆಳೆಯಷ್ಟು ಸಣ್ಣ ಬಿರುಕು. ವಿಪರೀತ ಬಿಸಿ ಕಂಡ ಕಬ್ಬಿಣದ ಗುರುತು ಅದು. ಕವರ್ ಒಳಗಿನ ಡಯಾಫ್ರಾಮ್ ಸ್ಪ್ರಿಂಗಿಗೆ ನಡುವಿನವರೆಗೂ ಚಾಚಿದ ಬೆರಳುಗಳಿರುತ್ತವೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಬಂದು ತಾಗುವುದು ಅವುಗಳ ತುದಿಗೆ. ಆ ತುದಿಗಳು ಕನ್ನಡಿಯ ಹೊಳಪಿಗೆ ಬಂದು, ಬೇರಿಂಗ್ ತಾಗುವ ಕಡೆ ಸುತ್ತಲೂ ಹಳ್ಳ ಬಿದ್ದಿತ್ತು. ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಮರಳು ತುಂಬಿದ ಸದ್ದು.

ಭಾವ ಆ ಸ್ಪ್ರಿಂಗಿನ ಬೆರಳುಗಳ ತುದಿ ತೋರಿಸಿ, 'ಪೆಡಲ್ ಮೇಲೆ ಕಾಲು' ಅಂದರು. ಗ್ಯಾರೇಜಿನ ಯಾರಾದರೂ ಹಾಗೇ ಅನ್ನುತ್ತಿದ್ದರು. ಕಾಲನ್ನು ಸುಮ್ನೆ ಪೆಡಲ್ ಮೇಲೆ ಇಟ್ಟುಕೊಂಡರೂ ಬೇರಿಂಗ್ ಬೆರಳುಗಳಿಗೆ ಒತ್ತಿಕೊಂಡೇ ತಿರುಗುತ್ತದೆ. ಬೆರಳೂ ಸವೆಯುತ್ತದೆ, ಬೇರಿಂಗೂ ಸವೆಯುತ್ತದೆ, ಕವರಿನ ಹಿಡಿತ ಅಷ್ಟು ಕಡಿಮೆಯಾಗಿ ಪ್ಲೇಟೂ ಜಾರುತ್ತದೆ. ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಪ್ಪನಿಗೂ ಕೇಳಿಸಿತು.

ಆದರೆ ಬೆಳಿಗ್ಗೆ ಕೇಬಲ್ ಬಿಚ್ಚುವಾಗ ನಾನು ಒಂದು ಫೋಟೋ ತೆಗೆದಿದ್ದೆ. ಕೇಬಲ್ಲಿನ ತುದಿಯಲ್ಲಿ, ಗೇರ್ ಬಾಕ್ಸಿನ ಲಿವರಿಗೆ ಸಿಕ್ಕಿಸುವ ಜಾಗದಲ್ಲಿ, ಒಂದು ನಟ್ ಇರುತ್ತದೆ. ಅದನ್ನು ತಿರುಗಿಸಿ ಕೇಬಲ್ ಬಿಗಿ ಮಾಡುತ್ತಾರೆ. ನಮ್ಮದರಲ್ಲಿ ಅದು ಥ್ರೆಡ್ ಮುಗಿಯುವವರೆಗೂ ಬಿಗಿದಿತ್ತು. ಲಿವರ್ ಒಂದು ಕೂದಲೂ ಅಲ್ಲಾಡುತ್ತಿರಲಿಲ್ಲ. ಅಂದರೆ ಕಾಲು ಇರಲಿ ಬಿಡಲಿ, ಬೇರಿಂಗ್ ಇಪ್ಪತ್ನಾಲ್ಕು ಗಂಟೆಯೂ ಬೆರಳುಗಳಿಗೆ ಒತ್ತಿಕೊಂಡೇ ಇತ್ತು. ಕಾಲು ಬಿಡುವ ಮಾತು ಹಾಗಿರಲಿ, ಕಾರಿನಲ್ಲಿ ಯಾರೂ ಇಲ್ಲದಾಗಲೂ ಯಾರೋ ಕ್ಲಚ್ ಒತ್ತಿ ಕೂತಿದ್ದರು!

ಹೋದ ವರ್ಷ ರಿವರ್ಸ್ ಗೇರು ಕರಕರ ಅನ್ನುತ್ತಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಎರಡೇ ನಿಮಿಷದಲ್ಲಿ ಸರಿ ಮಾಡಿ, ದುಡ್ಡೂ ತೆಗೆದುಕೊಳ್ಳದೆ ಕಳಿಸಿದ್ದರು. ಆಗ ಬಿಗಿದದ್ದು ಈ ನಟ್ಟೇ ಇರಬೇಕು. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇಲ್ಲ. ಕೇಬಲ್ ಹಳತಾಗಿ ಉದ್ದವಾದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕಿರಿಕಿರಿ ಮಾಡುತ್ತದೆ. ಬಿಗಿ ಮಾಡಿದರೆ ತಕ್ಷಣಕ್ಕೆ ಸರಿ. ಆದರೆ ಇಲ್ಲೇ ಒಂದು ಕಿತಾಪತಿ ಇದೆ. ಕೇಬಲ್ ಹಿಗ್ಗಿದರೆ ಪೆಡಲಿನ ಆಟ, ಅಂದರೆ ಪೆಡಲ್ ಭಾರವಿಲ್ಲದೆ ಒತ್ತಿಹೋಗುವ ದೂರ, ಜಾಸ್ತಿಯಾಗುತ್ತದೆ. ಪ್ಲೇಟ್ ಸವೆದರೆ ಬೆರಳುಗಳು ಬೇರಿಂಗಿನ ಕಡೆಗೇ ಸರಿದು ಬಂದು ಆಟ ಕಡಿಮೆಯಾಗುತ್ತದೆ. ಒಂದಕ್ಕೆ ಬಿಗಿಯಬೇಕು, ಇನ್ನೊಂದಕ್ಕೆ ಸಡಿಲಿಸಬೇಕು. ಬಿಗಿಯುವವರು ಸಿಗುತ್ತಾರೆ. 'ಸ್ವಲ್ಪ ಸಡಿಲ ಮಾಡಿ' ಅಂತ ಗ್ಯಾರೇಜಿಗೆ ಹೋದವರನ್ನು ನಾನಂತೂ ನೋಡಿಲ್ಲ.

ಈಗ ಹೇಳಿ, ಆ ಹಳ್ಳ ಅಮ್ಮನ ಕಾಲಿನದ್ದೋ, ನಟ್ಟಿನದ್ದೋ? ಕಬ್ಬಿಣ ನೋಡಿ ಹೇಳಲು ಬರುವುದಿಲ್ಲ. ಎರಡೂ ಬಿಡುವ ಗುರುತು ಒಂದೇ. ನೀಲಿ ಕಲೆಯ ಕಥೆಯೂ ಅಷ್ಟೇ. ದರೆ ಹತ್ತುವಾಗ ಹಾಫ್ ಕ್ಲಚ್ ಹಿಡಿದದ್ದಕ್ಕೂ ಬರಬಹುದು, ಹಿಡಿತ ಸಾಲದೆ ತಾನಾಗಿ ಜಾರಿದ್ದಕ್ಕೂ ಬರಬಹುದು. ಅದರ ಮೇಲೆ ನಮ್ಮ ದರೆ. 800ಕ್ಕೆ ಎಳೆಯುವುದು ಮುಂದಿನ ಚಕ್ರ. ಹಿಂದೆ ಮೂಟೆ ಹೇರಿ ಏರು ಹತ್ತಿಸಿದರೆ ಭಾರವೆಲ್ಲ ಹಿಂದಕ್ಕೆ ಜಗ್ಗಿ ಮುಂದಿನ ಚಕ್ರ ಹಗುರವಾಗುತ್ತದೆ, ಜಂಬಿಟ್ಟಿಗೆ ಚೂರಿನ ಮೇಲೆ ಸುಮ್ಮನೆ ಸುತ್ತುತ್ತದೆ. ಕ್ಲಚ್ಚನ್ನು ಅರ್ಧ ಹಿಡಿದು ನಾಜೂಕಾಗಿ ಹತ್ತಿಸದೆ ಬೇರೆ ದಾರಿಯೇ ಇಲ್ಲ. ಡ್ರೈವಿಂಗ್ ಸ್ಕೂಲಿನಲ್ಲೂ ಅಮ್ಮನಿಗೆ ಹೇಳಿಕೊಟ್ಟದ್ದು ಅದನ್ನೇ. 'ಏರಿನಲ್ಲಿ ಹಾಫ್ ಕ್ಲಚ್ಚಲ್ಲಿ ನಿಲ್ಲಿಸಿ ಅಮ್ಮಾ' ಅಂತ. ಹ್ಯಾಂಡ್ ಬ್ರೇಕ್ ಬಳಸಿ ಅಂತ ಅಲ್ಲಿ ಯಾರೂ ಹೇಳಲಿಲ್ಲವಂತೆ.

ಹಳೇ ಬಿಲ್ಲುಗಳು

ರಾತ್ರಿ ನಾನು ಕಾರಿನ ಕಾಗದದ ಚೀಲ ಹುಡುಕಿದೆ. ಅಪ್ಪ ಬಿಲ್ಲುಗಳನ್ನು ಬಿಸಾಡುವವರಲ್ಲ. 2004ರಲ್ಲಿ ಒಂದು ಕ್ಲಚ್ ಸೆಟ್, ಆಗ 61 ಸಾವಿರ ಕಿಲೋಮೀಟರ್. 2011ರಲ್ಲಿ ಇನ್ನೊಂದು, 1 ಲಕ್ಷ 12 ಸಾವಿರಕ್ಕೆ. ಈಗ 1 ಲಕ್ಷ 58 ಸಾವಿರ. ಮೊದಲ ಎರಡು ಪ್ಲೇಟುಗಳನ್ನು ಮುಗಿಸಿದ್ದು ಪೂರ್ತಿಯಾಗಿ ಅಪ್ಪ. ಮೂರನೆಯದು ಜಂಟಿ ಖಾತೆ. ಲೆಕ್ಕ ಹಾಕಿದರೆ ಒಂದೊಂದು ಪ್ಲೇಟೂ ಹತ್ತಿರ ಹತ್ತಿರ ಅಷ್ಟೇ ದೂರ ಬಂದಿದೆ. ಡ್ರೈವರ್ ಬದಲಾದರೂ ದರೆ ಬದಲಾಗಿಲ್ಲ.

ಮರುದಿನ ಕಾಫಿ ಹೊತ್ತಿಗೆ ಬಿಲ್ಲುಗಳನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, 'ಆಗಿನ ಪ್ಲೇಟುಗಳು ಸರಿ ಇರಲಿಲ್ಲ' ಅಂದರು. ಅಮ್ಮ ಒಳಗಿನಿಂದ ನಕ್ಕಿದ್ದು ಕೇಳಿಸಿತು.

ನನಗೆ ಅನ್ನಿಸುವುದು ಇಷ್ಟು. ಕಾರಿನ ಸವೆಯುವ ಸಾಮಾನುಗಳಲ್ಲಿ ಕ್ಲಚ್ಚಿನ ಮೇಲೆ ಮಾತ್ರ ಸದಾ ಒಬ್ಬರ ಕಾಲು ಕಾಣುತ್ತದೆ. ಕಾಲು ಕಂಡರೆ ಆರೋಪಿ ಸಿಕ್ಕಂತೆ. ದರೆಯ ಮೇಲೆ, ನಟ್ಟಿನ ಮೇಲೆ, ಮೂಟೆಯ ಮೇಲೆ ಕೇಸು ಹಾಕಲು ಬರುವುದಿಲ್ಲ. ಇದು ನಮ್ಮನೆಯ ಜಗಲಿಗೆ ಮಾತ್ರ ಸೇರಿದ್ದೂ ಅಲ್ಲ. 800 ನಿಂತ ಮರು ತಿಂಗಳೇ, 2014ರ ಫೆಬ್ರವರಿಯಲ್ಲಿ, ಮಾರುತಿಯವರು ಸೆಲೆರಿಯೊ ಬಿಟ್ಟರು. ಕ್ಲಚ್ ಪೆಡಲ್ ಇಲ್ಲದ, ತಾನಾಗಿ ಗೇರು ಬದಲಿಸುವ ಎಎಂಟಿ ಕಡಿಮೆ ಬೆಲೆಯ ಕಾರಿಗೂ ಬಂತು. ಅದರ ಒಳಗಿರುವುದೂ ಇದೇ ಥರದ ಒಣ ಪ್ಲೇಟು. ಕಾಲಿನ ಬದಲು ಒಂದು ಆಕ್ಚುಯೇಟರ್ ಒತ್ತುತ್ತದೆ, ಬಿಡುತ್ತದೆ. ಟ್ರಾಫಿಕ್ಕಿನಲ್ಲಿ, ಏರಿನಲ್ಲಿ ಅದೂ ಸವೆಯುತ್ತದೆ. ನನ್ನ ಆಫೀಸಿನ ಗೆಳೆಯನ ಎಎಂಟಿ ಕಾರಿನ ಕ್ಲಚ್ ಹೋದಾಗ ಅವನು ಬೈದದ್ದು ಕಂಪನಿಯನ್ನು, ಸಿಲ್ಕ್ ಬೋರ್ಡಿನ ಜಾಮನ್ನು. ಕಾರು ಓಡಿಸುವ ಅವನ ಹೆಂಡತಿಯನ್ನು ಅಲ್ಲ. ಪೆಡಲ್ ಹೋಯಿತು, ಜೊತೆಗೆ ಅಪವಾದವೂ ಹೋಯಿತು. ಅದೊಂದೇ ಕಾರಣಕ್ಕೆ ಎಎಂಟಿ ತೆಗೆದುಕೊಳ್ಳಬಹುದು ಅನ್ನಿಸುತ್ತದೆ ಒಮ್ಮೊಮ್ಮೆ.

ಕೂರಿಸುವುದು

ಫ್ಲೈವೀಲಿನ ಬಿರುಕುಗಳು ಮೇಲ್ಮೈಯಲ್ಲೇ ಇದ್ದವು, ಎಮರಿ ಪೇಪರಿಗೆ ಹೋದವು. ಆಳವಾಗಿದ್ದರೆ ಲೇತಿಗೆ ಕೊಡಬೇಕಿತ್ತು. ಗೇರ್ ಬಾಕ್ಸ್ ಇಳಿಸಿದಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ನೋಡಿಬಿಡಬೇಕು. ಅದು ಸೋರಿದರೆ ಹೊಸ ಪ್ಲೇಟಿಗೆ ಎಣ್ಣೆ ತಾಗಿ ಮತ್ತೆ ಮೊದಲಿನಿಂದ ಶುರು. ನಮ್ಮದು ಒಣಗಿತ್ತು.

ಪ್ಲೇಟು ಫ್ಲೈವೀಲಿನ ನಟ್ಟನಡುವೆ ಕೂರಬೇಕು. ಸ್ವಲ್ಪ ಆಚೀಚೆ ಆದರೂ ಗೇರ್ ಬಾಕ್ಸಿನ ಶಾಫ್ಟು ಒಳಗೆ ಹೋಗುವುದಿಲ್ಲ. ಅದಕ್ಕೆಂದೇ ಮಾಡಿದ ಒಂದು ಪ್ಲಾಸ್ಟಿಕ್ ಕಡ್ಡಿ ಸಿಗುತ್ತದೆ. ನಮಗೆ ಸಿಗಲಿಲ್ಲ. ಭಾವ ಒಂದು ಹಲಸಿನ ಕೊಂಬೆಯನ್ನು ಕತ್ತಿಯಲ್ಲಿ ಹೆರೆದು, ತುದಿ ಫ್ಲೈವೀಲಿನ ನಡುವಿನ ತೂತಿಗೂ ಬುಡ ಪ್ಲೇಟಿನ ನಡುವಿನ ಹಲ್ಲುಗಳಿರುವ ತೂತಿಗೂ (ಸ್ಪ್ಲೈನ್) ಸರಿಯಾಗುವ ತನಕ ಇನ್ಸುಲೇಷನ್ ಟೇಪು ಸುತ್ತಿದರು. ಹಾಕಿ ನೋಡುವುದು, ತೆಗೆಯುವುದು, ಅರ್ಧ ಸುತ್ತು ಟೇಪು, ಮತ್ತೆ ಹಾಕುವುದು. ಅವರ ದಪ್ಪ ಬೆರಳುಗಳು ಆ ಟೇಪನ್ನು ಒಂದು ಸುಕ್ಕೂ ಇಲ್ಲದೆ ಎಳೆಯುವುದನ್ನು ನೋಡುತ್ತಾ ನಾನು ಟಾರ್ಚ್ ಹಿಡಿದು ಕೂತಿದ್ದೆ. ಕವರ್ ಬೋಲ್ಟುಗಳನ್ನು ಒಂದಕ್ಕೊಂದು ಎದುರಿನದನ್ನು ಆರಿಸಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದೇ ಕಡೆಯಿಂದ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. ಗೇರ್ ಬಾಕ್ಸ್ ಎತ್ತಿ ಕೊಟ್ಟಾಗ ಶಾಫ್ಟು ಒಮ್ಮೆ ತಡೆದು, ಆಕ್ಸಲ್ ಕಡೆಯಿಂದ ತುಸು ತಿರುಗಿಸಿದ ಮೇಲೆ ಒಳಗೆ ಹೋಯಿತು. ಉಳಿದದ್ದೆಲ್ಲ ಬಿಚ್ಚಿದ್ದನ್ನು ತಿರುಗಾಮುರುಗಾ ಹಾಕುವುದು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಭಾವನ ತಗಡಿನಲ್ಲಿ ಒಂದು ವಾಷರ್ ಮಿಕ್ಕಿತು ಅನ್ನುವುದನ್ನು ಬಿಟ್ಟರೆ.

ಹೊಸ ಕೇಬಲ್ಲಿಗೆ ಆಟ ಬಿಡುವ ಕೆಲಸ ಮಾತ್ರ ನಾನೇ ಮಾಡಿದೆ. ಪೆಡಲನ್ನು ಕೈಯಲ್ಲಿ ಒತ್ತಿದರೆ ಮೊದಲ ಒಂದೆರಡು ಸೆಂಟಿಮೀಟರ್ ಭಾರವಿಲ್ಲದೆ ಹೋಗಬೇಕು, ಆಮೇಲೆ ಸ್ಪ್ರಿಂಗಿನ ಬಿಗಿ ಸಿಗಬೇಕು. ಅಮ್ಮನನ್ನು ಕರೆದು ಕೈಯಲ್ಲೇ ಒತ್ತಿಸಿ ತೋರಿಸಿದೆ. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಿ, ಈ ಆಟ ಇಲ್ಲವಾದರೆ ನಟ್ ಸಡಿಲಿಸಬೇಕು ಅಂತ ಹೇಳಿ ಹನ್ನೆರಡು ನಂಬರಿನ ಸ್ಪ್ಯಾನರನ್ನು ಡ್ಯಾಶ್‌ಬೋರ್ಡಿನ ಡ್ರಾಯರಿಗೆ ಹಾಕಿದೆ. 'ಇಷ್ಟೇನಾ? ಇದನ್ನ ಯಾರೂ ಹೇಳ್ಕೊಡ್ಲೇ ಇಲ್ವಲ್ಲ' ಅಂದರು.

ಖಾಲಿ ಕಾರನ್ನು ಅಮ್ಮನೇ ಮೊದಲು ಹತ್ತಿಸಿದರು. ಅಪ್ಪ ಹಠ ಮಾಡಿ ಪಕ್ಕದಲ್ಲಿ ಕೂತರು. ವಾಪಸ್ ಬಂದು ಅಮ್ಮ ಹೇಳಿದ್ದು, 'ಮೊದಲು ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಹಿಡೀತಿತ್ತು, ಈಗ ಕೆಳಗೇ ಹಿಡಿಯತ್ತೆ.' ಅಪ್ಪ ಹೇಳಿದ್ದು, 'ಎರಡನೇ ಗೇರು ಇನ್ನೂ ಬೇಗ ಹಾಕಬಹುದಿತ್ತು.' ಹೊಸ ಪ್ಲೇಟು ಫ್ಲೈವೀಲಿಗೆ ಹೊಂದಿಕೊಳ್ಳುವ ತನಕ, ಅಂದರೆ ಮೊದಲ ಕೆಲವು ನೂರು ಕಿಲೋಮೀಟರ್, ಮೂಟೆ ಹೇರಬೇಡಿ ಅಂದಿದ್ದೇನೆ. ಉಳಿದ ಅಡಿಕೆ ಭಾವನ ಪಿಕಪ್ಪಿನಲ್ಲಿ ಹೋಯಿತು.

ದರೆಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸುವ ಮಾತು ಈಗ ಶುರುವಾಗಿದೆ. ಚಕ್ರ ಹೋಗುವಷ್ಟೇ ಅಗಲ, ನಡುವೆ ಮಣ್ಣು. ಅಡಿಕೆ ರೇಟು ಏರಿದ ಮೇಲೆ ನೋಡೋಣ ಅನ್ನುತ್ತಾರೆ ಅಪ್ಪ. ಮಳೆ ಹಿಡಿದ ಮೇಲೆ ಯಾರೂ ಬರುವುದಿಲ್ಲ, ಈಗಲೇ ಆಗಲಿ ಅನ್ನುತ್ತಾರೆ ಅಮ್ಮ. ಹೋದ ವಾರ ಅಮ್ಮನೇ ಪೇಟೆಗೆ ಹೋಗಿ ಜಲ್ಲಿ, ಮರಳಿಗೆ ಮುಂಗಡ ಕೊಟ್ಟು ಬಂದಿದ್ದಾರೆ. ಮೇ ತಿಂಗಳ ಮೊದಲ ವಾರ ಲೋಡು ಬರುತ್ತದಂತೆ. ನನಗೂ ರಜೆ ಹಾಕಲು ಹೇಳಿದ್ದಾರೆ.